ಮೂರಡಿ ಇಳಿದ ಬಾವಿ

ಬಕ್ಕೇಶ ಮುಂಜಾನೆ ದಾವಣಗೆರೆ ಮಾರುಕಟ್ಟೆಗೆ ಸೇವಂತಿಗೆ ಹಾಕಿ ತೋಟಕ್ಕೆ ಮರಳುವಷ್ಟರಲ್ಲಿ ಅವನ ಬಾವಿಯ ಕಟ್ಟೆ ಮಾಯವಾಗಿತ್ತು. ಸೊಂಟದೆತ್ತರ ಇದ್ದದ್ದು ನೆಲಸಮವಾಗಿ, ಈಗಷ್ಟೇ ಮುಡಿ ಕೊಟ್ಟು ಬಂದ ತಲೆಯ ಹಾಗೆ ನುಣ್ಣಗಿತ್ತು.

"ಯಾವನ್ ಮಾಡಿದ್ದು ಇದನ್ನ?"

ಪಕ್ಕದ ಮನೆಯ ಗಾರೆ ಕೆಲಸದ ಕರಿಯಣ್ಣ ಕರಣೆ ಹಿಡಿದೇ ಓಡಿ ಬಂದ. "ನಾನೇ ಬಕ್ಕೇಶಣ್ಣ. ಇವತ್ತು ಅಳತೆಯವ್ರು ಬರ್ತಾರಲ್ಲ, ಅಷ್ಟೆತ್ತರದ ಕಟ್ಟೆ ಮ್ಯಾಲೆ ಬಗ್ಗಿದ್ರೆ ಪಾಪ, ಹೊಟ್ಟೆ ಒತ್ತತೈತೆ. ಮೂರು ವರಸೆ ಕಲ್ಲು ಇಳಿಸೀನಿ. ಕೂಲಿ ಬ್ಯಾಡ ಬಿಡು. ನಿನ್ನ ಕೆಂಪು ಗುರುತು ಮಾತ್ರ ಮರೆತಿಲ್ಲ, ಹೊಸ ಬಣ್ಣದಾಗೆ ಬರ್ದೀನಿ ನೋಡು!"

ಬಕ್ಕೇಶನ ಸಿಟ್ಟು ನೆತ್ತಿಗೇರಿತು. ಊರಾಚೆಯ ಗುಡ್ಡದಡಿ ತಾಮ್ರದ ಗಣಿಯವರು ಸುರಂಗ ಕೊರೆಯಲು ಹಿಡಿದು ವರ್ಷವಾಗಿತ್ತು. ಸುರಂಗಕ್ಕೆ ಬಸಿದುಬಂದ ನೀರನ್ನೆಲ್ಲ ಪಂಪಿನಿಂದ ಹಗಲೂ ರಾತ್ರಿ ಹಳ್ಳಕ್ಕೆ ಚೆಲ್ಲುತ್ತಿದ್ದರು. ಇತ್ತ ಬಾವಿ ಇಳಿಯುತ್ತಿತ್ತು. ಗಣಿಗೆ ಮುಂಚೆ ಕಟ್ಟೆಯ ಮೇಲೆ ಕೆಂಪು ಗುರುತು ಹಾಕಿ, ಅಲ್ಲಿಂದ ನೀರಿಗೆ ಇಪ್ಪತ್ನಾಲ್ಕು ಅಡಿ ಎಂದು ಸರ್ಕಾರದವರು ಬರೆದುಕೊಂಡಿದ್ದರು. ಹತ್ತು ಅರ್ಜಿ ಕೊಟ್ಟ ಮೇಲೆ ಮರು ಅಳತೆಗೆ ಈ ದಿನ ನಿಗದಿಯಾಗಿತ್ತು. ನೀರು ಇಳಿದದ್ದು ಮೂರಡಿ. ಕರಿಯಣ್ಣ ಇಳಿಸಿದ ಕಟ್ಟೆಯೂ ಸರಿಯಾಗಿ ಮೂರಡಿ.

ಕಲ್ಲು ಮತ್ತೆ ಏರಿಸಲು ಹೊತ್ತಿರಲಿಲ್ಲ. ಅಳತೆಯ ಗುತ್ತಿಗೆ ಹಿಡಿದ ಹರಿಹರದ ಕಂಪನಿಯ ಮಂಜುನಾಥ ಬೈಕಿನಲ್ಲಿ ಬಂದೇಬಿಟ್ಟ. ಆರಾಮಾಗಿ ಕುಕ್ಕರಗಾಲಲ್ಲಿ ಕೂತು ಟೇಪು ಇಳಿಬಿಟ್ಟ. ತುದಿ ನೀರು ಮುಟ್ಟಿದೊಡನೆ ಸದ್ದು ಮಾಡುವ ಟೇಪು ಕುಂಯ್ ಎಂದಿತು.

"ಇಪ್ಪತ್ನಾಲ್ಕು ಅಡಿ! ಒಂದಂಗುಲಾನೂ ಇಳಿದಿಲ್ಲ. ನಿಮ್ಮ ಅದೃಷ್ಟ ಬಿಡ್ರಿ."

"ಅದೃಷ್ಟ ಅಲ್ರೀ, ಕರಿಯಣ್ಣ!" ಎಂದು ಬಕ್ಕೇಶ ಚೀರಿದ.

"ಗುರುತಿನಿಂದ ಅಳೀರಿ ಅಂದಾರೆ, ಅಳೆದೀನಿ," ಎಂದು ಮಂಜುನಾಥ ಬೈಕು ಒದ್ದು ಹೊರಟೇಹೋದ.

ಎದುರುಮನೆಯ ಮೈಲಮ್ಮ ಸಂತೋಷಕ್ಕೆ ಎಲ್ಲರ ಕೈಗೂ ಸಕ್ಕರೆ ಹಾಕಿದಳು. "ನೀರು ಇಳಿದಿಲ್ಲಂದ್ರೆ ಒಳ್ಳೇದಾತಲ್ಲಪ್ಪ. ಯಾಕ ಹಂಗೆ ಬೈತೀ?"

ಬಕ್ಕೇಶ ಕೈಯಲ್ಲಿದ್ದ ಸಕ್ಕರೆಯನ್ನು ನೆಲಕ್ಕೆ ಎಸೆದು ಹರಿಹರಕ್ಕೆ ಬೈಕು ಓಡಿಸಿದ. ಕಂಪನಿಯಲ್ಲಿ ಮೇಜಿನ ಹಿಂದೆ ಕೂತಿದ್ದ ಹುಡುಗಿ, "ಲೆಕ್ಕ ಆಗಲೇ ದಾವಣಗೆರೆ ಅಂತರ್ಜಲ ಆಫೀಸಿಗೆ ಹೋತು ಅಂಕಲ್," ಎಂದಳು. ದಾವಣಗೆರೆಯಲ್ಲಿ ಗುಮಾಸ್ತ, "ಹರಿಹರದಾಗೆ ಕೇಳ್ರಿ," ಎಂದ. ಆಗ ಬಕ್ಕೇಶ ಹಾಕಿದ ಕೂಗಿಗೆ ಮೂರು ಕೋಣೆಯಾಚೆ ಕೂತಿದ್ದ ಅಧಿಕಾರಿ ಆಶಾರಾಣಿ ಕನ್ನಡಕ ಸರಿಪಡಿಸಿಕೊಳ್ಳುತ್ತ ಹೊರಬಂದರು. ಅವನ ಬೈಗುಳವನ್ನೆಲ್ಲ ಕೊನೆಯವರೆಗೂ ಕೇಳಿ, ಫೈಲು ತೆಗೆಸಿ, ಹಳೆಯ ಫೋಟೋ ನೋಡಿದರು. ಫೋಟೋದಲ್ಲಿ ಕಟ್ಟೆ ಸೊಂಟದೆತ್ತರ ಇತ್ತು.

"ಜೀಪು ತೆಗೀರಿ," ಎಂದರು.

ತೋಟದಲ್ಲಿ ಅವರೇ ಟೇಪು ಬಿಟ್ಟರು. ಕಿತ್ತ ಕಲ್ಲುಗಳನ್ನು ಒಂದರ ಮೇಲೊಂದು ಇಡಿಸಿ ಅದನ್ನೂ ಅಳೆದರು. ಕರಿಯಣ್ಣ ಎದೆಯುಬ್ಬಿಸಿ ಸಾಕ್ಷಿ ಹೇಳಿದ.

"ಮೂರಡಿ ಇಳಿದಿರೋದು ನಿಜ. ನೀವು ಹೇಳಿದ್ದೇ ಸರಿ ಬಕ್ಕೇಶ್ ಅವ್ರೇ," ಎಂದರು ಆಶಾರಾಣಿ.

ಒಂದು ವರ್ಷದಲ್ಲಿ ಅವನ ಮಾತು ಸರಿ ಎಂದವರು ಇವರೊಬ್ಬರೇ. ಬೆಳಗಿನಿಂದ ಕುದಿಯುತ್ತಿದ್ದ ಬಕ್ಕೇಶ ಅವರಿಗೆ ಕೈಮುಗಿದ. "ಮೈಲಮ್ಮಾ, ಮೇಡಮ್ಮೋರಿಗೆ ಚಾ ಮಾಡು!" ಎಂದು ಕೂಗಿದ.

ಚಾ ಬರುವ ಮೊದಲೇ ಅವರು ಜೀಪಿನ ಬಾನೆಟ್ಟಿನ ಮೇಲೆ ಆದೇಶ ಬರೆದು ಮುಗಿಸಿದರು. ಜೀಪಿನ ಚಾಲಕ ಬಾವಿಯ ಮೋಟರಿನ ಡಬ್ಬಕ್ಕೆ ತಂತಿ ಸುತ್ತಿ ಅರಗಿನ ಮುದ್ರೆ ಒತ್ತಿದ.

"ಮೇಡಂ, ನನ್ನ ಮೋಟ್ರಿಗೆ ಯಾಕ್ರೀ?"

"ನೀರು ಇಳೀತಾ ಐತಲ್ರೀ. ಇವತ್ತಿಂದ ಇದು ಸಂರಕ್ಷಿತ ಬಾವಿ. ಒಂದು ಕೊಡ ನೀರೂ ಎತ್ತಂಗಿಲ್ಲ."

"ನನ್ನ ಹೂವು? ಮತ್ತೆ ಆ ಗಣಿಯವ್ರ ಪಂಪು?"

"ಅವ್ರು ನೀರು ಬಳಸಲ್ಲ ಬಕ್ಕೇಶ್ ಅವ್ರೇ, ಬರೀ ಹೊರಗೆ ಚೆಲ್ತಾರೆ. ಬಳಸೋರು ನೀವು."

ಆಶಾರಾಣಿ ಪೆನ್ನನ್ನು ಬಕ್ಕೇಶನ ಕೈಗಿಟ್ಟರು.

"ಇಲ್ಲೊಂದು ಸಹಿ ಹಾಕ್ರಿ. ಯಾರೂ ನೀರು ಕದೀದಂಗೆ ಕಾಯೋ ಜವಾಬ್ದಾರಿ ಮಾಲೀಕರದ್ದು."