ನನ್ನ ತಲೆಯ ಬಿತ್ತನೆ

ಮೂವತ್ತು ತುಂಬುವ ಮೊದಲೇ ನನ್ನ ನೆತ್ತಿ ಬೋಳಾಯಿತು. ನನಗೇನೂ ಚಿಂತೆಯಿರಲಿಲ್ಲ, ನಮ್ಮೂರು ವಳಸಂಗದಲ್ಲಿ ರುಮಾಲು ಸುತ್ತದ ಗಂಡಸು ಯಾರಿದ್ದಾರೆ? ಚಿಂತೆ ಹತ್ತಿದ್ದು ಅಕ್ಕಲಕೋಟದಲ್ಲಿ ನಾದಿನಿಯ ಮದುವೆ ಗೊತ್ತಾದಾಗ. ಮದುವೆಯಲ್ಲಿ ಮಾವನವರು ಅಳಿಯನಿಗೆ ಆಹೇರಿಯ ಉಡುಗೊರೆ ಕೊಡುತ್ತಾರೆ. ತುಂಬಿದ ಹಂದರದಲ್ಲಿ ಹಳೆಯ ರುಮಾಲು ಬಿಚ್ಚಿ, ಹೊಸದನ್ನು ತಾವೇ ಸುತ್ತುತ್ತಾರೆ. ಬಿಚ್ಚಿದಾಗ ನನ್ನ ಮಾನ ಉಳಿಯಬೇಕಲ್ಲ!

ಉಪಾಯ ಸುಲಭವಿತ್ತು. ಸೊಲ್ಲಾಪುರಕ್ಕೆ ಒಬ್ಬ ಕೂದಲು ಡಾಕ್ಟರ್ ಬಂದಿದ್ದ. ಹಿಂದಲೆಯ ಕೂದಲನ್ನು ಬೇರುಸಹಿತ ಕಿತ್ತು, ಸೂಜಿಯಿಂದ ನೆತ್ತಿಯಲ್ಲಿ ನಾಟುವುದು ಅವನ ವಿದ್ಯೆ.

"ಸಾಲು ನೆಟ್ಟಗ ಇರಲಿರಿ ಡಾಕ್ಟರ, ಹೊಲದಾಗ ಕೂರಗಿ ಹೊಡದಂಗ," ಎಂದು ಠೀವಿಯಿಂದ ಕೂತೆ. ಗಿರಣಿಯ ಬೆಳಗಿನ ಭೋಂಗಾ ಕೂಗಿದಾಗ ಕೂತವನು ಸಂಜೆಯ ಭೋಂಗಾಕ್ಕೆ ಎದ್ದೆ. ನಡುವೆ ನಾನು ಕೂಗಿದ್ದು ಅದಕ್ಕಿಂತ ಜೋರು!

"ಮುಟ್ಟಬ್ಯಾಡ್ರಿ, ಏನೂ ಹಚ್ಚಬ್ಯಾಡ್ರಿ," ಎಂದು ಡಾಕ್ಟರ್ ಹೇಳಿ ಕಳಿಸಿದ.

ಅವನಿಗೇನು ಗೊತ್ತು ಒಕ್ಕಲುತನ! ಬಿತ್ತಿದ ಹೊಲಕ್ಕೆ ಗೊಬ್ಬರ ಬೇಡವೇ? ಕುರಿಹಿಕ್ಕೆ ಕಲಸಿ ಸದರಿ ನೆತ್ತಿಗೆ ಧಾರಾಳವಾಗಿ ಮೆತ್ತಿಕೊಂಡೆ. ಹೆಂಡತಿ ಗೌರವ್ವ ಮೂಗು ಮುಚ್ಚಿಕೊಂಡಳು.

"ಏನ್ರಿ ಇದು! ದನದ ಕೊಟ್ಟಿಗ್ಯಾಗ ಮಲಗ್ರಿ."

"ಜ್ವಾಳ ಇದರಿಂದನ ಬೆಳೀತದ. ಕೂದಲಾ ಯಾಕ ಬೆಳೆಯಂಗಿಲ್ಲ?"

ಬೆಳೆಯಿತು. ಕೂದಲಲ್ಲ, ತಲೆ! ನಾಟಿದ್ದೆಲ್ಲ ಉದುರಿ, ನೆತ್ತಿ ಬಾತು ಕುಂಬಳಕಾಯಿಯಾಯಿತು. ನನ್ನ ರುಮಾಲು ಸಾಲದೆ, ಗೌರವ್ವನ ಹಳೆಯ ಸೀರೆಯನ್ನೂ ಸುತ್ತಿಕೊಂಡು ಮದುವೆಗೆ ಹೋದೆ.

ಹಂದರದಲ್ಲಿ ಮಾವನವರು ಬಿಚ್ಚತೊಡಗಿದರು. ರುಮಾಲು ಬಂತು. ಸೀರೆಯೂ ಬಂತು! ನಾನು ಗಟ್ಟಿಯಾಗಿ ಕಣ್ಣು ಮುಚ್ಚಿದೆ. ಅವರು ಹೊಸ ರುಮಾಲು ಸುತ್ತಿದರು, ಅದೂ ಸಾಲಲಿಲ್ಲ.

"ದೊಡ್ಡ ತಲಿ ಅದ ನಮ್ಮ ಅಳಿಯಂದ್ರದು! ಇದಕ್ಕ ನಂದ ಬೇಕು!"

ತಮ್ಮದೇ ಜರಿಯಂಚಿನ ರುಮಾಲು ಬಿಚ್ಚಿ ನನಗೆ ಸುತ್ತಿದರು. ಮನೆಯ ಯಜಮಾನನ ರುಮಾಲು! ಯಾವ ಅಳಿಯನಿಗೆ ಸಿಕ್ಕೀತು ಈ ಮಾನ? ವಾಜಂತ್ರಿಯವರು ಊದಿದ್ದೇ ಊದಿದ್ದು. ಎದೆಯುಬ್ಬಿಸಿ ಕಣ್ಣು ತೆರೆದೆ. ಎದುರಿಗೆ, ನಾನು ಎಂದೂ ಕಾಣದ ಮಾವನವರ ತಲೆ. ಒಂದು ಕೂದಲೂ ಇಲ್ಲ! ನಗುನಗುತ್ತ ಅವರು ಆ ಹೊಸ ರುಮಾಲನ್ನು ತಾವೇ ಸುತ್ತಿಕೊಂಡರು.

ಹಿಂದಿರುಗುವಾಗ ಚಕ್ಕಡಿಯಲ್ಲಿ ಗೌರವ್ವನನ್ನು ಸಿಟ್ಟಿನಿಂದ ಕೇಳಿದೆ. "ಮೊದಲ ಹೇಳಬಾರದೇನು?"

"ನೀವು ಕೇಳಿದ್ರೇನು?" ಗೌರವ್ವ ನಕ್ಕಳು. "ನಿಮ್ಮ ತಲಿ ನೋಡಿದಾಗೊಮ್ಮೆ ನನಗ ತವರಮನಿ ನೆನಪಾಗ್ತಿತ್ತು."

ನನ್ನ ಸಿಟ್ಟು ಅಲ್ಲೇ ಇಳಿಯಿತು. ಬಾವು ಆಮೇಲೆ ಇಳಿಯಿತು. ಜರಿ ರುಮಾಲು ಸುತ್ತಿ ಊರೆಲ್ಲ ಮೆರೆಯುತ್ತೇನೆ. ಮನೆಯಲ್ಲಿ ಬಿಚ್ಚಿದರೆ ಮಾತ್ರ, ಮುಂದಿನಿಂದ ನೋಡಿದರೂ ಮಾವನವರು. ಡಾಕ್ಟರನ ಕೃಪೆಯಿಂದ ಈಗ ಹಿಂದಿನಿಂದ ನೋಡಿದರೂ ಮಾವನವರೇ!