ಭಾಗವಾಗದ ನಂಬರು

ದೊಡ್ಡ ಸಂಖ್ಯೆ ಕಂಡರೆ ಸುಮ್ಮನಿರುವುದು ನನ್ನಿಂದಾಗದ ಕೆಲಸ. ಶಿರಾ ಗೇಟಿನಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡಾಗ ಮಿಕ್ಕವರು ಹಾರನ್ ಒತ್ತುತ್ತಾರೆ. ನಾನು ಮುಂದಿನ ಲಾರಿಯ ನಂಬರನ್ನು ಏಳರಿಂದ ಭಾಗಿಸುತ್ತಿರುತ್ತೇನೆ. ಗುಬ್ಬಿಯ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿ ತಲೆ ಹೀಗಾಯಿತೋ, ತಲೆ ಹೀಗಿದ್ದದ್ದಕ್ಕೇ ಮೇಷ್ಟ್ರಾದೆನೋ, ನನ್ನ ಹೆಂಡತಿ ಗಿರಿಜೆ ಇನ್ನೂ ತೀರ್ಮಾನಿಸಿಲ್ಲ.

ಅವಳ ತಮ್ಮಂದಿರು ಶಿವಣ್ಣ, ಮಲ್ಲೇಶ ಕುಣಿಗಲ್‌ನಿಂದ ಬಂದು ಶಿರಾ ಗೇಟಿನಲ್ಲಿ ಜೊತೆಯಾಗಿ ಪೇಂಟ್ ಅಂಗಡಿ ತೆರೆಯಲು ಹೊರಟರು. ಹಿಂದೆ ಅವರಪ್ಪ, ಚಿಕ್ಕಪ್ಪ ಹೀಗೇ ಜೊತೆಯಲ್ಲಿ ಅಂಗಡಿ ಇಟ್ಟು, ಕಿತ್ತಾಡಿ ಪಾಲಾಗಿ, ಮಾತೇ ಬಿಟ್ಟಿದ್ದರು. ಗಿರಿಜೆಗೆ ಅದೇ ದಿಗಿಲು.

"ಯಾವುದ್ರಿಂದ್ಲೂ ಭಾಗವಾಗದ ಸಂಖ್ಯೆ ಅಂತೀರಲ್ರೀ, ಅಂಗಡಿಗೆ ಅಂಥ ಮೊಬೈಲ್ ನಂಬರ್ ಆರಿಸಿಕೊಡಿ. ಇವರೂ ಭಾಗವಾಗದೆ ಇರ್ಲಿ" ಅಂದಳು. ಹೇಳುವಾಗ ಅವಳ ಕಣ್ಣು ಒದ್ದೆಯಾಗಿತ್ತು, ನನಗೆ ನಗಲೂ ಆಗಲಿಲ್ಲ.

ಶಿವಣ್ಣನದು ಇನ್ನೊಂದು ಷರತ್ತು. "ಭಾವ, ಅಂಕಿ ಎಲ್ಲಾ ಕೂಡಿ, ಬಂದಿದ್ನ ಮತ್ತೆ ಕೂಡುದ್ರೆ ಕೊನೀಗೆ ಒಂಬತ್ತು ಬರ್ಬೇಕು. ಜೋಯಿಸ್ರು ಹೇಳವ್ರೆ."

ಸಿಮ್ ಅಂಗಡಿಯವನು ಒಂಬತ್ತು ಬರುವ ನಂಬರುಗಳನ್ನೇ ತೋರಿಸಿದ. ಏಳರಲ್ಲಿ ಕೊನೆಗೊಳ್ಳುವ ಒಂದನ್ನು ಹಿಡಿದು ಕೂತೆ. ಎರಡು, ಮೂರು, ಐದರಿಂದ ಭಾಗಿಸಿ ನೋಡುವುದು ಮಕ್ಕಳ ಆಟವೆಂದು ಜಂಬದಿಂದ ಏಳರಿಂದಲೇ ಶುರು ಮಾಡಿದೆ. ಹನ್ನೊಂದು, ಹದಿಮೂರು, ಹದಿನೇಳು, ಯಾವುದಕ್ಕೂ ಜಗ್ಗಲಿಲ್ಲ. ಅಷ್ಟರಲ್ಲಿ ಗಿರಿಜೆ ಊಟಕ್ಕೆ ಕರೆದಳು. ಮುದ್ದೆ ಆರಿಹೋಗುತ್ತದಲ್ಲ, "ಅವಿಭಾಜ್ಯ!" ಎಂದು ಘೋಷಿಸಿ ಎದ್ದೆ.

ಅಂಗಡಿ ಪೂಜೆಯ ದಿನ ಬೋರ್ಡಿನ ಮೇಲೆ ಆ ನಂಬರು ಮೊಳದುದ್ದ ಮೆರೆಯುತ್ತಿತ್ತು. ಜೋಯಿಸರು ಒಂದೊಂದೇ ಅಂಕಿ ಕೂಡಿ, ಬಂದ ಮೊತ್ತದ ಅಂಕಿಗಳನ್ನೂ ಕೂಡಿ "ಒಂಬತ್ತು!" ಎಂದರು. ಎಲ್ಲರೂ ಕೈ ಮುಗಿದರು. ನಾನು ಮಾತ್ರ ಮುಗಿಯಲು ಎತ್ತಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿದೆ. ಅಂಕಿಗಳನ್ನು ಹೀಗೆ ಕೂಡಿ ಕೊನೆಗೆ ಒಂಬತ್ತು ಬಂದರೆ ಆ ಸಂಖ್ಯೆ ಒಂಬತ್ತರಿಂದ ಭಾಗವಾಗಲೇಬೇಕು! ವರ್ಷಾ ವರ್ಷಾ ಕ್ಲಾಸಿನಲ್ಲಿ ಈ ಸೂತ್ರವನ್ನು ಕರಿಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸುವವನು ನಾನೇ.

"ಯಾಕ್ರೀ ಮುಖ ಹಂಗಾಯ್ತು?" ಗಿರಿಜೆ ಬಿಡಲಿಲ್ಲ. ಬಾಯಿ ಬಿಟ್ಟೆ. ಅವಳು ಹಣೆ ಹಣೆ ಚಚ್ಚಿಕೊಂಡಳು.

ಮಲ್ಲೇಶ ಮುಂದೆ ಬಂದ. "ಎರಡಕ್ಕೆ ಭಾಗ ಹೋಗ್ತದಾ ಭಾವ?"

"ಇಲ್ಲ ಕಣೋ, ಬೆಸ ಸಂಖ್ಯೆ."

"ಮತ್ತಿನ್ನೇನು? ನಾವಿರೋದು ಇಬ್ರು. ಬುಡಿ ಅತ್ಲಾಗೆ!"

ಗಿರಿಜೆಯ ಮುಖ ಅರಳಿತು. ನಾನು ಅಲ್ಲಿಗೇ ಬಾಯಿ ಮುಚ್ಚಿಕೊಳ್ಳಬಹುದಿತ್ತು. ಆದರೆ ಮೇಷ್ಟ್ರ ನಾಲಿಗೆ ನೋಡಿ, "ಆದರೆ ಮೂರಕ್ಕೆ ನಿಶ್ಶೇಷವಾಗಿ ಹೋಗುತ್ತೆ" ಅಂದುಬಿಟ್ಟೆ.

"ಮೂರಾ?" ಎಂದ ಶಿವಣ್ಣ. ತಮ್ಮನ ಮುಖ ನೋಡಿದ. ಆಮೇಲೆ ಇಬ್ಬರೂ ನಿಧಾನವಾಗಿ ನನ್ನ ಮುಖ ನೋಡಿದರು.

ಅಣ್ಣತಮ್ಮಂದಿರು ಈಗ ಬಲು ಒಗ್ಗಟ್ಟಾಗಿದ್ದಾರೆ, ಗಿರಿಜೆ ನೆಮ್ಮದಿಯಾಗಿದ್ದಾಳೆ. ಶೆಟ್ಟಿಹಳ್ಳಿಯ ನಮ್ಮ ಮನೆಗೆ ಹೋಗುವ ದಾರಿಯಲ್ಲಿ ಅಂಗಡಿ ಹತ್ತಿರ ನಿಂತರೆ ನನಗೆ ಟೀ ತಪ್ಪುವುದಿಲ್ಲ. ಕುರ್ಚಿ ಮಾತ್ರ ಅಂಗಡಿಯೊಳಗಲ್ಲ, ಫುಟ್‌ಪಾತಿನ ಮೇಲೆ ಹಾಕುತ್ತಾರೆ.