ಅತ್ತೆಯವರ ಫೋರ್ಟ್‌ನೈಟ್

ಕಾನ್ವೆಂಟಿನಲ್ಲಿ ಓದಿದವರಿಗೆ ಒಂದು ಕೆಟ್ಟ ಚಾಳಿ: ಕೇಳದವರಿಗೂ ಇಂಗ್ಲಿಷ್ ಪದಗಳ ಹುಟ್ಟು ಜಾತಕ ಹೇಳುವುದು. ಆ ಚಾಳಿಯಿಂದಲೇ ನನ್ನ ಆರಾಮಕುರ್ಚಿ ಕಾಯಮ್ಮಾಗಿ ಕೈಬಿಟ್ಟುಹೋಯಿತು.

ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದ ನಮ್ಮತ್ತೆ "ಒಂದು ಫೋರ್ಟ್‌ನೈಟ್ ಇದ್ದು ಹೋಗ್ತೀನಿ" ಅಂತ ಬೆಳಗ್ಗೆಯೇ ಬಂದಿಳಿದರು. ಮಧ್ಯಾಹ್ನದೊಳಗೆ ಕಿಟಕಿ ಪಕ್ಕದ ನನ್ನ ಆರಾಮಕುರ್ಚಿ ಅವರದಾಯಿತು, ಕರಿದ ತಿಂಡಿಯ ಡಬ್ಬಿ ಬೀರು ಸೇರಿತು, ಫ್ರಿಜ್ಜಿನ ಮೇಲೆ ನನ್ನ ಬಿ.ಪಿ. ಚಾರ್ಟು ಅಂಟಿತು. (ಹೆಂಡತಿಗೆ ಚಾರ್ಟಿಲ್ಲ. ಅವಳಿಗೆ ಬಿ.ಪಿ. ಬರುವುದಿಲ್ಲ, ಬರಿಸುತ್ತಾಳೆ.)

ಗಡುವು ಬಿಗಿಯಾಗಿರಲೆಂದು ಊಟಕ್ಕೆ ಕೂತಾಗ ಪ್ರವಚನ ಶುರುಮಾಡಿದೆ.

"ಫೋರ್ಟ್‌ನೈಟ್ ಅಂದ್ರೆ ಹದಿನಾಲ್ಕು ರಾತ್ರಿ, ಅತ್ತೆ. ಹಿಂದೆ ಇಂಗ್ಲಿಷ್ ಜನ ದಿನ ಎಣಿಸ್ತಿರಲಿಲ್ಲ, ರಾತ್ರಿ ಎಣಿಸ್ತಿದ್ರು. 'ಫೋರ್ಟೀನ್', 'ನೈಟ್' ಎರಡೂ ಸವೆದೂ ಸವೆದೂ ಒಂದೇ ಪದ ಆಯ್ತು."

"ಹಾಗಾದ್ರೆ ಹಗಲಿಗೆ ಲೆಕ್ಕ ಇಲ್ವಾ, ಅಳಿಯಂದ್ರೇ?"

"ಸುತರಾಂ ಇಲ್ಲ!"

ಹೆಂಡತಿ ಮೇಜಿನಡಿ ನನ್ನ ಕಾಲು ತುಳಿದಳು. ಪಂಡಿತೋತ್ತಮನಿಗೆ ನೋವು ತಿಳಿಯಲಿಲ್ಲ.

ಅಂದು ಸಂಜೆ ಅತ್ತೆ ಚಪ್ಪಲಿ ಮೆಟ್ಟಿ, ಪಕ್ಕದ ಬೀದಿಯಲ್ಲಿರುವ ಕಿರಿಮಗಳ ಮನೆಗೆ ಮಲಗಲು ಹೊರಟರು. ಬೆಳಗ್ಗೆ ಆರಕ್ಕೆ ನಮ್ಮಲ್ಲಿ ಹಾಜರ್! ಫ್ರಿಜ್ಜಿನ ಮೇಲೆ ಬಿ.ಪಿ. ಚಾರ್ಟಿನ ಪಕ್ಕದಲ್ಲಿ ಇನ್ನೊಂದು ಚಾರ್ಟು: 'ಇಲ್ಲಿ ಕಳೆದ ರಾತ್ರಿ: ಸೊನ್ನೆ.' ತಿಂಗಳಾದರೂ ಸೊನ್ನೆ ಅಲುಗಲಿಲ್ಲ.

"ಇದು ಮೋಸ ಕಣೇ!"

"ಮೂವತ್ತು ವರ್ಷ ನೈಟ್ ಡ್ಯೂಟಿ ಹಂಚಿದವರಿಗೆ ರಾತ್ರಿ ಎಣಿಸೋದು ಹೇಳಿಕೊಡೋಕೆ ಹೋದ್ರಲ್ಲ, ಅನುಭವಿಸಿ."

ನಿಜ ಹೇಳಬೇಕೆಂದರೆ ಮನೆಯಲ್ಲಿ ಬಿಸಿ ಊಟವಿತ್ತು, ತಾಯಿ-ಮಗಳ ನಗು ಬೀದಿಗೆ ಕೇಳುತ್ತಿತ್ತು, ನನ್ನ ಪ್ಯಾಂಟು ಸಡಿಲವಾಗಿತ್ತು. ಆದರೂ ಕುರ್ಚಿ ಕುರ್ಚಿಯೇ.

ಕೊನೆಗೆ ದೈನ್ಯದಿಂದ ಬೇಡಿಕೊಂಡೆ. "ಅತ್ತೆ, ಇವತ್ತಾದ್ರೂ ಇಲ್ಲೇ ಮಲಗಿ." ಒಪ್ಪಿದರು. ನಮ್ಮ ಕೋಣೆ ತಾಯಿ-ಮಗಳಿಗೆ, ಹಜಾರದ ಚಾಪೆ ನನಗೆ. ಬೆಳಗ್ಗೆ ಸೊನ್ನೆ ಹೊಡೆದುಹಾಕಲು ಪೆನ್ನು ಹಿಡಿದು ಓಡಿದೆ.

"ತಡೀರಿ," ಎಂದರು ಅತ್ತೆ. "ರೆಪ್ಪೆ ಮುಚ್ಚಿಲ್ಲ ನಾನು. ಎಚ್ಚರವಾಗಿ ಕಳೆದ ರಾತ್ರೀನ ನಾವು ಡ್ಯೂಟಿ ಅಂತ ಬರೀತೀವಿ."

"ಸುಳ್ಳು! ಗೊರಕೆಗೆ ನಾನೇ ಬೆಚ್ಚಿಬಿದ್ದು ಎದ್ದಿದ್ದೀನಿ!"

"ಅದು ನಿಮ್ಮದೇ ರೀ," ಎಂದಳು ಹೆಂಡತಿ.

ಅಷ್ಟರಲ್ಲಿ ಅತ್ತೆ ನನ್ನ ಗದ್ದ ಎತ್ತಿ ಹಿಡಿದು ಮೂಗಿನೊಳಗೆ ಟಾರ್ಚು ಬಿಟ್ಟಿದ್ದರು.

"ಪಕ್ಕದಲ್ಲೇ ಇದ್ದು ನೋಡ್ಕೋಬೇಕು," ಎಂದರು ಖುಷಿಯಿಂದ. "ಇದು ಆರು ತಿಂಗಳ ಕೇಸು."